ನೀರಿನ ಕಾಮಗಾರಿಗೆ ದುಡ್ಡು ಕೊಡುವಾಗ ಸರ್ಕಾರ ಏನು ನೋಡುತ್ತದೆ? ನಮ್ಮೂರ ಕೆರೆ ಪಟ್ಟಿಗೇ ಬರುತ್ತಿಲ್ಲ

ಚಿಂತಾಮಣಿ_ರಾಗಿಹೊಲ

ಎಲ್ಲರಿಗೂ ನಮಸ್ಕಾರ. ಚಿಂತಾಮಣಿ ತಾಲ್ಲೂಕಿನ ಸಣ್ಣ ಊರು ನಮ್ಮದು. ಊರ ಕೆರೆಯಿಂದ ನೀರು ಬಿಡುವ ತೂಬು ಕೆಟ್ಟು ಎಷ್ಟೋ ಕಾಲ ಆಯಿತು. ಕಲ್ಲುಕಂಬ ಒಂದು ಕಡೆಗೆ ವಾಲಿದೆ, ಬಾಗಿಲು ಸರಿಯಾಗಿ ಕೂರುವುದಿಲ್ಲ. ಮಳೆಗಾಲದಲ್ಲಿ ಹುಡುಗರು ಇಳಿದು ಮರಳಿನ ಚೀಲ, ಹಳೇ ಗೋಣಿ ತುರುಕಿ ನೀರು ನಿಲ್ಲಿಸುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ ಬೆಟ್ಟದ ಕಡೆಯಿಂದ ಬರುವ ರಾಜಕಾಲುವೆಯದು. ಅರ್ಧ ದೂರ ಜಾಲಿ ಬೆಳೆದು ಮುಚ್ಚಿಹೋಗಿದೆ. ರಸ್ತೆ ದಾಟುವ ಕಡೆ ಹಾಕಿರುವ ಪೈಪು ಎಷ್ಟು ಸಣ್ಣದೆಂದರೆ, ಜೋರು ಮಳೆ ಬಂದರೆ ನೀರು ರಸ್ತೆ ಮೇಲೆ ಹರಿದು ಪಕ್ಕದ ಹಳ್ಳ ಸೇರುತ್ತದೆ. ಕೆರೆಗೆ ಬರುವುದೇ ಇಲ್ಲ.

ಅರ್ಜಿ ಕೊಟ್ಟೆವು. ಒಂದು ಕಚೇರಿಯಲ್ಲಿ "ಅನುದಾನ ಇಲ್ಲ" ಎಂದರು. ಇನ್ನೊಂದು ಕಡೆ "ಇದು ನಮ್ಮ ಕೆರೆಯೇ ಅಲ್ಲ" ಎಂದರು. ಇದೇ ಜಿಲ್ಲೆಗೆ ಸಾವಿರಾರು ಕೋಟಿಯ ಯೋಜನೆ ಬರುತ್ತಿದೆ ಎಂದು ಪೇಪರಿನಲ್ಲಿ ಓದುತ್ತೇವೆ. ಅದು ಬೇಡ ಎನ್ನುತ್ತಿಲ್ಲ. ಆದರೆ ಯಾವ ಕೆಲಸಕ್ಕೆ ಮೊದಲು ದುಡ್ಡು ಎಂದು ಯಾರು, ಎಲ್ಲಿ ಕೂತು, ಏನು ಲೆಕ್ಕ ಹಾಕಿ ತೀರ್ಮಾನ ಮಾಡುತ್ತಾರೆ? ಒಳಗಿನ ವ್ಯವಹಾರ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಕೋಲಾರ_ಟೊಮೆಟೊ

ಎಂಎಲ್ಎ ಬರೆದುಕೊಟ್ಟರೆ ಆಗುತ್ತದೆ, ಇಲ್ಲದಿದ್ದರೆ ಇಲ್ಲ. ಇದಕ್ಕಿಂತ ಜಾಸ್ತಿ ಏನಿದೆ ಅಣ್ಣಾ?

ತುಮಕೂರು_ನಿವೃತ್ತ_ಇಂಜಿನಿಯರ್

ಶಾಸಕರ ಪತ್ರಕ್ಕೆ ತೂಕ ಇದೆ, ನಿಜ. ಆದರೆ ಅಷ್ಟಕ್ಕೇ ಬಿಟ್ಟರೆ ನಮ್ಮ ಕೈಯಲ್ಲಿ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ನೀರಿನ ಕೆಲಸದಲ್ಲೇ ನೌಕರಿ ಕಳೆದವನು ನಾನು, ಕಂಡಿದ್ದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಕೆರೆ ಯಾರದು ಎಂದು ನೋಡಬೇಕು. ಅಚ್ಚುಕಟ್ಟು, ಅಂದರೆ ಕೆರೆ ನೀರು ಹಾಯುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಜಿಲ್ಲಾ ಪಂಚಾಯ್ತಿ ಕಡೆಯದು. 40ರಿಂದ 2,000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆಯದು. ಅದಕ್ಕೂ ಮೇಲಿನದು ಮಧ್ಯಮ ಮತ್ತು ಭಾರಿ ನೀರಾವರಿ, ಅದನ್ನು ಹೆಚ್ಚಾಗಿ ಸರ್ಕಾರದ ನೀರಾವರಿ ನಿಗಮಗಳು ನೋಡುತ್ತವೆ. "ನಮ್ಮ ಕೆರೆ ಅಲ್ಲ" ಎಂದವರು ಸುಮ್ನೆ ಸಾಗಹಾಕಿದರು ಎಂದುಕೊಳ್ಳಬೇಡಿ, ಅವರ ರಿಜಿಸ್ಟರಿನಲ್ಲಿ ನಿಮ್ಮ ಕೆರೆ ಇರಲಿಕ್ಕಿಲ್ಲ. ಆದರೆ ಯಾರದು ಎಂದು ಹೇಳಿ ಕಳಿಸಬೇಕಿತ್ತು. ಅದನ್ನು ಹೇಳದಿರುವುದು ತಪ್ಪು.

ಎರಡನೆಯದು, ದುಡ್ಡು ಯಾವ ಗಂಟಿನಿಂದ ಬರುತ್ತದೆ. ರಾಜ್ಯದ ಬಜೆಟ್, ನಿಗಮಗಳು ಎತ್ತುವ ಸಾಲ, ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ಬ್ಯಾಂಕಾದ ನಬಾರ್ಡ್, ಕೇಂದ್ರದ ಯೋಜನೆ, ವಿಶ್ವಬ್ಯಾಂಕು, ಹಣಕಾಸು ಆಯೋಗದ ಅನುದಾನ. ಪ್ರತಿ ಗಂಟಿಗೂ ಬೇರೆ ಬೇರೆ ಷರತ್ತು. ನಬಾರ್ಡ್‌ನ ಆರ್‌ಐಡಿಎಫ್ ನಿಧಿ ನೋಡಿ, ಅಂದರೆ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿ. 1995-96ರಲ್ಲಿ ಶುರುವಾಯಿತು. ಕೃಷಿ ಮತ್ತಿತರ ಆದ್ಯತಾ ವಲಯಕ್ಕೆ ಕೊಡಬೇಕಾದಷ್ಟು ಸಾಲ ಕೊಡದ ಬ್ಯಾಂಕುಗಳು ಆ ಕೊರತೆಯ ಹಣವನ್ನು ಅಲ್ಲಿ ಇಡಬೇಕು, ಅದನ್ನು ನಬಾರ್ಡ್ ರಾಜ್ಯಗಳಿಗೆ ಸಾಲ ಕೊಡುತ್ತದೆ. ತೀರಿಸಲು 7 ವರ್ಷ, ಅದರಲ್ಲಿ ಮೊದಲ 2 ವರ್ಷ ಅಸಲು ಕಟ್ಟಬೇಕಿಲ್ಲ. ಸಣ್ಣ ನೀರಾವರಿಗೆ ಒಳ್ಳೆಯ ದಾರಿ. ಆದರೆ ಪಟ್ಟಿ ಕಳಿಸುವುದು ರಾಜ್ಯ. ಡಿಪಿಆರ್ (ವಿವರವಾದ ಯೋಜನಾ ವರದಿ), ಜಾಗದ ದಾಖಲೆ, ಅಂದಾಜು ಪಟ್ಟಿ ಎಲ್ಲ ಸಿದ್ಧ ಇರುವ ಕಾಮಗಾರಿ ಮುಂದೆ ಹೋಗುತ್ತದೆ. ಒಂದು ತೂಬು, ಒಂದು ಕಾಲುವೆ ಇಂಥ ಪಟ್ಟಿ ಹತ್ತುವುದು ಕಷ್ಟ.

ಮೂರನೆಯದು ಲಾಭ-ವೆಚ್ಚದ ಲೆಕ್ಕ. 1964ರಲ್ಲಿ ಗಾಡ್ಗೀಳ್ ಸಮಿತಿ, ನೀರಾವರಿಗೆ ಹಾಕಿದ ಒಂದು ರೂಪಾಯಿಗೆ ಒಂದೂವರೆ ರೂಪಾಯಿ ಲಾಭ ಕಾಣಬೇಕು ಎಂದಿತು. ಅದಕ್ಕೆ ಮುಂಚೆ ನೀರಿನ ಕಂದಾಯದಿಂದ ಸರ್ಕಾರಕ್ಕೆ ಎಷ್ಟು ವಾಪಸ್ ಬರುತ್ತದೆ ಎಂದು ನೋಡುತ್ತಿದ್ದರು. ಬರಪೀಡಿತ ಪ್ರದೇಶಕ್ಕೆ ಒಂದೂವರೆ ಬೇಡ, ಒಂದಕ್ಕೆ ಒಂದು ಇದ್ದರೂ ಸಾಕು ಎಂಬ ರಿಯಾಯಿತಿ ಇದೆ. ನಮ್ಮ ಕಡೆಯವರಿಗೆ ಗೊತ್ತಿರಬೇಕಾದ ವಿಷಯ ಇದು.

ಚಿಂತಾಮಣಿ_ರಾಗಿಹೊಲ

ತುಂಬಾ ಥ್ಯಾಂಕ್ಸ್ ಸರ್. ಆದರೆ ಒಂದು ಡೌಟು. ನಮ್ಮ ಕೆರೆ ನೀರನ್ನು ಈಗ ಯಾರೂ ಕಾಲುವೆಯಲ್ಲಿ ಗದ್ದೆಗೆ ಬಿಡುವುದಿಲ್ಲ. ನೀರಗಂಟಿಯ ಕೆಲಸವೇ ನಿಂತಿದೆ. ಕೆರೆ ತುಂಬಿದರೆ ಸುತ್ತಲಿನ ಬೋರ್‌ವೆಲ್‌ಗೆ ನೀರು ಬರುತ್ತದೆ, ಅಷ್ಟೇ ನಮಗೆ ಬೇಕಿರುವುದು. ಆ ಲಾಭ ಲೆಕ್ಕಕ್ಕೆ ಬರುತ್ತದಾ?

ತುಮಕೂರು_ನಿವೃತ್ತ_ಇಂಜಿನಿಯರ್

ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ಕೆರೆಯ ಅಂದಾಜು ಪಟ್ಟಿಯಲ್ಲಿ ಲಾಭ ಎಂದರೆ ಅಚ್ಚುಕಟ್ಟಿನ ಬೆಳೆ. ಇಷ್ಟು ಎಕರೆ ಭತ್ತ, ಇಷ್ಟು ಎಕರೆ ರಾಗಿ, ಇಷ್ಟು ಕ್ವಿಂಟಾಲ್ ಜಾಸ್ತಿ ಎಂದು ಬರೆಯುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಬಹಳಷ್ಟು ಕೆರೆಗಳು ಈಗ ಇಂಗುಗುಂಡಿಯ ಕೆಲಸ ಮಾಡುತ್ತಿವೆ. ಲಾಭ ಸಿಗುವುದು ಏರಿಯಿಂದ ಆಚೆ ಇರುವ, ಕೆಲವೊಮ್ಮೆ ಪಕ್ಕದೂರಿನ ಬೋರ್‌ವೆಲ್‌ಗೆ. ಅಲ್ಲಿ ಹಿಪ್ಪುನೇರಳೆ, ಟೊಮೆಟೊ, ಮೇವು ಬೆಳೆಯುತ್ತಾರೆ. ಆ ಫಸಲನ್ನು ಯಾರ ಕೆರೆಯ ಖಾತೆಗೆ ಬರೆಯುವುದು? ಬರೆಯುವುದೇ ಇಲ್ಲ. ಹಾಗಾಗಿ ಕೆರೆ ಮಾಡುವ ದೊಡ್ಡ ಕೆಲಸ ಕಾಗದದಲ್ಲಿ ಸೊನ್ನೆ. ಬತ್ತಿದ ಅಚ್ಚುಕಟ್ಟು ತೋರಿಸಿ ಲಾಭ ಕಡಿಮೆ ಎನ್ನುತ್ತಾರೆ. ಅಚ್ಚುಕಟ್ಟು ಬತ್ತಿದ್ದೇ ಕಾಲುವೆ ಮುಚ್ಚಿದ್ದರಿಂದ ಅಲ್ವಾ?

ಶಿರಾ_ಹುಡುಗ

ಕೇಂದ್ರದ ದುಡ್ಡಿನ ಕತೆ ನಾನು ಹೇಳುತ್ತೇನೆ. ಭದ್ರಾ ನದಿಯ ನೀರನ್ನು ಬರದ ಸೀಮೆಗೆ ತರುವ ಭದ್ರಾ ಮೇಲ್ದಂಡೆ ಯೋಜನೆ ನಮ್ಮ ಶಿರಾ, ಪಾವಗಡ, ಚಿಕ್ಕನಾಯಕನಹಳ್ಳಿಗೂ ಸಂಬಂಧಪಟ್ಟಿದ್ದು. 2023ರ ಫೆಬ್ರವರಿಯ ಕೇಂದ್ರ ಬಜೆಟ್ ಭಾಷಣದಲ್ಲಿ 5,300 ಕೋಟಿ ರೂಪಾಯಿ ನೆರವು ಎಂದು ಹೇಳಿದರು. ನಮ್ಮೂರಲ್ಲಿ ಪಟಾಕಿ ಹೊಡೆದರು. ಆಮೇಲೆ ಆ ದುಡ್ಡು ಬಂದಿಲ್ಲ ಎಂದು ರಾಜ್ಯ ಸರ್ಕಾರ ಪದೇ ಪದೇ ಹೇಳಬೇಕಾಯಿತು. ಬಜೆಟ್‌ನಲ್ಲಿ ಹೆಸರು ಹೇಳಿದರೆ ದುಡ್ಡು ಕೈಗೆ ಬಂದಂತೆ ಎಂದುಕೊಂಡಿದ್ದರು ನಮ್ಮ ಜನ. ಭಾಷಣದ ಆಚೆಗೆ ಕೇಂದ್ರ ಜಲ ಆಯೋಗದ ತಾಂತ್ರಿಕ ಒಪ್ಪಿಗೆ, ಹೂಡಿಕೆಗೆ ಒಪ್ಪಿಗೆ, ಸಂಪುಟದ ಒಪ್ಪಿಗೆ, ಕೇಂದ್ರ ಎಷ್ಟು, ರಾಜ್ಯ ಎಷ್ಟು ಹಾಕಬೇಕು ಎಂಬ ಹಗ್ಗಜಗ್ಗಾಟ, ಇಷ್ಟೆಲ್ಲ ಇದೆ. ಪ್ರತಿ ಮೆಟ್ಟಿಲಿನಲ್ಲೂ ಹೊಸ ಪ್ರಶ್ನೆ. ಅಷ್ಟರಲ್ಲಿ ವೆಚ್ಚ ಏರಿರುತ್ತದೆ.

ತುಮಕೂರು_ನಿವೃತ್ತ_ಇಂಜಿನಿಯರ್

ಇದಕ್ಕೆ ಒಂದು ಸೇರಿಸಬೇಕು. 2016ರಲ್ಲಿ ಕೇಂದ್ರ ದೇಶದಾದ್ಯಂತ 99 ನೀರಾವರಿ ಯೋಜನೆಗಳನ್ನು ಆರಿಸಿ, ನಬಾರ್ಡ್ ಮೂಲಕ ಸಾಲ ಎತ್ತಿ, ಬೇಗ ಮುಗಿಸಲು ಹೊರಟಿತು. ಆರಿಸಿದ್ದು ಅರ್ಧಕ್ಕೆ ನಿಂತಿದ್ದ ಕಾಮಗಾರಿಗಳನ್ನು. ತಪ್ಪಲ್ಲ, ಅರ್ಧ ಕಟ್ಟಿದ್ದನ್ನು ಹಾಗೇ ಬಿಟ್ಟರೆ ಹಾಕಿದ ದುಡ್ಡು ಮಣ್ಣುಪಾಲು. ಕರ್ನಾಟಕದ 5 ಯೋಜನೆ ಬಂದವು: ಕಾರಂಜಾ, ಭೀಮಾ ಏತ ನೀರಾವರಿ, ನಾರಾಯಣಪುರ ಎಡದಂಡೆ, ಶ್ರೀ ರಾಮೇಶ್ವರ, ತುಂಗಾ ಮೇಲ್ದಂಡೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರು ಜಿಲ್ಲೆಯದು ಒಂದೂ ಇಲ್ಲ.

ಯಾಕೆ ಇಲ್ಲ ಎಂದು ಯೋಚಿಸಿ. ಮೊದಲೇ ದೊಡ್ಡ ಅಣೆಕಟ್ಟೆ ಶುರುವಾಗಿದ್ದ ಜಾಗಕ್ಕೆ ಮಾತ್ರ ಈ ನಿಯಮದಲ್ಲಿ ಜಾಗ ಇದೆ. ವರ್ಷವಿಡೀ ಹರಿಯುವ ಹೊಳೆಯೇ ಇಲ್ಲದ ಕೋಲಾರದಲ್ಲಿ ಅರ್ಧಕ್ಕೆ ನಿಂತ ಭಾರಿ ಅಣೆಕಟ್ಟೆ ಎಲ್ಲಿಂದ ಬರಬೇಕು? ಯಾರೂ ಅನ್ಯಾಯ ಮಾಡಬೇಕೆಂದು ಕೂತಿರಲಿಲ್ಲ. ಆದರೂ ನಿಯಮ ಬರೆದ ರೀತಿಯಲ್ಲೇ ನಾವು ಹೊರಗೆ ಉಳಿದೆವು. ರಾಜ್ಯದ ಬಜೆಟ್‌ನಲ್ಲೂ ಇದೇ ಪದ್ಧತಿ. ಮುಂದುವರಿದ ಕಾಮಗಾರಿ ಮತ್ತು ಬಾಕಿ ಬಿಲ್ಲಿಗೆ ಮೊದಲ ಪಾಲು, ಉಳಿದಿದ್ದು ಹೊಸದಕ್ಕೆ.

ಬಂಗಾರಪೇಟೆ_ಲೋಕಲ್

ಹೊಳೆ ಇಲ್ಲ ಎಂದಿರಿ. ಇರುವ ಸಣ್ಣ ಹೊಳೆಗೂ ಅಡ್ಡಿ ಕಡಿಮೆ ಇಲ್ಲ. ಯರಗೋಳ್ ಅಣೆಕಟ್ಟೆಯನ್ನೇ ನೋಡಿ. ಮಾರ್ಕಂಡೇಯ ನದಿಗೆ ಕಟ್ಟಿದ್ದು, ಕೋಲಾರ, ಮಾಲೂರು, ಬಂಗಾರಪೇಟೆಗೆ ಕುಡಿಯುವ ನೀರಿಗೆ ಎಂದು. ನಮ್ಮ ಕಡೆ ಹುಟ್ಟುವ ಪಾಲಾರ್, ದಕ್ಷಿಣ ಪಿನಾಕಿನಿ ಎಲ್ಲ ಪಕ್ಕದ ರಾಜ್ಯಕ್ಕೇ ಹೋಗುವಂಥವು. ತಮಿಳುನಾಡು 1892ರ ಮದ್ರಾಸ್-ಮೈಸೂರು ನದಿ ನೀರಿನ ಒಪ್ಪಂದ ಮುಂದಿಟ್ಟು ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ನವೆಂಬರ್‌ನಲ್ಲಿ ಕೋರ್ಟು ಅವರ ಅರ್ಜಿ ವಜಾ ಮಾಡಿತು. ಉದ್ಘಾಟನೆ ಆಗಿದ್ದು 2023ರ ನವೆಂಬರ್‌ನಲ್ಲಿ. ಸಾಲ ಕೊಡುವವರು ಕೋರ್ಟು ಕೇಸು ಇರುವ ಯೋಜನೆ ಕಂಡರೆ ಹಿಂದೆ ಸರಿಯುವುದು ಸಹಜ. ಗಡಿ ಜಿಲ್ಲೆಯವರ ಪಾಡು ಇದು.

ಕೋಲಾರ_ಟೊಮೆಟೊ

ಹಾಗಾದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ತರುವ ಕೆ.ಸಿ. ವ್ಯಾಲಿ ಯೋಜನೆಗೆ ಅಷ್ಟು ಬೇಗ ದುಡ್ಡು ಹೇಗೆ ಸಿಕ್ಕಿತು? 1,300 ಕೋಟಿಗೂ ಜಾಸ್ತಿ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದೇ ಬಿಟ್ಟಿತು.

ತುಮಕೂರು_ನಿವೃತ್ತ_ಇಂಜಿನಿಯರ್

ಅದು ಎರಡು ಕಡೆಯ ತಲೆನೋವು ಒಟ್ಟಿಗೆ ಪರಿಹರಿಸುವ ಯೋಜನೆ. ಬೆಂಗಳೂರಿಗೆ ಕೊಳಚೆ ನೀರು ಎಲ್ಲಿ ಬಿಡುವುದು ಎಂಬ ಚಿಂತೆ, ಕೋಲಾರಕ್ಕೆ ನೀರಿಲ್ಲದ ಚಿಂತೆ. ದಿನಕ್ಕೆ 44 ಕೋಟಿ ಲೀಟರ್, ಅಂದರೆ 440 ಎಂಎಲ್‌ಡಿ ಎಂದು ಲೆಕ್ಕ. ಬೆಂಗಳೂರಿನ ಚರಂಡಿಗೆ ಬರಗಾಲ ಇಲ್ಲ, ಹಾಗಾಗಿ ನೀರಿನ ಮೂಲ ಗಟ್ಟಿ. ಪಕ್ಕದ ರಾಜ್ಯದ ಜೊತೆ ನದಿ ನೀರಿನ ಹಂಚಿಕೆಯ ಪ್ರಶ್ನೆಯೂ ಅಷ್ಟಾಗಿ ಇಲ್ಲ. ಮುಳುಗಡೆ ಇಲ್ಲ. ದೊಡ್ಡ ಊರಿನ ಅಗತ್ಯವೂ ಜೊತೆಗಿದ್ದರೆ ಕಡತ ಬೇಗ ಓಡುತ್ತದೆ. ಇದನ್ನು ನೋವಿನಿಂದಲೇ ಹೇಳುತ್ತಿದ್ದೇನೆ. ಕೋಲಾರ ಒಂದೇ ಕೇಳಿದ್ದರೆ ಅಷ್ಟು ಬೇಗ ಆಗುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ಗುಡಿಬಂಡೆ_ಮೇಷ್ಟ್ರು

ಆ ಅವಸರಕ್ಕೆ ಬೆಲೆ ಕೊಟ್ಟಿದ್ದೂ ನಾವೇ. ನೀರು ಬಂದ ಮುಂದಿನ ತಿಂಗಳೇ ಲಕ್ಷ್ಮೀಸಾಗರದಲ್ಲಿ ನೊರೆ ಕಾಣಿಸಿತು. ಹೈಕೋರ್ಟು ಕೆಲ ಕಾಲ ನಿಲ್ಲಿಸಿತ್ತು. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಎಂದು ಶಾಶ್ವತ ನೀರಾವರಿ ಹೋರಾಟದವರು ಅಂದಿನಿಂದ ಕೇಳುತ್ತಲೇ ಇದ್ದಾರೆ. ಪೈಪಿಗೆ, ಪಂಪಿಗೆ ಸಿಕ್ಕ ದುಡ್ಡು ಶುದ್ಧೀಕರಣಕ್ಕೆ ಅದೇ ವೇಗದಲ್ಲಿ ಯಾಕೆ ಸಿಗಲಿಲ್ಲ? ಬೆಂಗಳೂರಿನ ಎಚ್.ಎನ್. ವ್ಯಾಲಿಯಿಂದ ನಮ್ಮ ಜಿಲ್ಲೆಗೆ ಬರುವ ನೀರಿನದೂ ಇದೇ ಪ್ರಶ್ನೆ. ನೀರು ಇಂಗುವುದು ನಾವು ಕುಡಿಯುವ ಬೋರ್‌ವೆಲ್‌ಗೇ.

ಕೋಲಾರ_ಟೊಮೆಟೊ

ಮೇಷ್ಟ್ರೇ, ನಿಮ್ಮ ಆತಂಕ ಒಪ್ಪುತ್ತೇನೆ. ಆದರೆ ನಮ್ಮ ತೋಟದ ಬೋರು ಬತ್ತಿ, ಟ್ಯಾಂಕರ್ ನೀರಿಗೆ ಸಾಲ ಮಾಡಿದ್ದ ಕಾಲ ಮರೆಯಲು ಆಗುವುದಿಲ್ಲ. ಕೆರೆ ತುಂಬಿದ ಮೇಲೆ ಅದೇ ಬೋರಿನಲ್ಲಿ ನೀರು ಬಂತು. ಮೂರನೇ ಹಂತದ ಶುದ್ಧೀಕರಣ ಖಂಡಿತ ಬೇಕು. ಯೋಜನೆ ನಿಲ್ಲಿಸಿ ಎಂದು ಮಾತ್ರ ಕೇಳಬೇಡಿ.

ಗುಡಿಬಂಡೆ_ಮೇಷ್ಟ್ರು

ನಿಲ್ಲಿಸಿ ಎಂದು ನಾನು ಕೇಳಿಲ್ಲ. ಶುದ್ಧೀಕರಣದ ಖರ್ಚನ್ನೂ ಸೇರಿಸಿ ಮೊದಲೇ ಲೆಕ್ಕ ಹಾಕಬೇಕಿತ್ತು ಎನ್ನುತ್ತಿದ್ದೇನೆ.

ಪಶ್ಚಿಮ ಘಟ್ಟದಿಂದ ನಮ್ಮ ಕಡೆಗೆ ನೀರು ತರುವ ಎತ್ತಿನಹೊಳೆ ಯೋಜನೆ ಬಗ್ಗೆಯೂ ಹೇಳಬೇಕು. ಅದರ ಅಂದಾಜು ವೆಚ್ಚ 2012ರಲ್ಲಿ 8,323 ಕೋಟಿ. 2014ರಲ್ಲಿ 12,912 ಕೋಟಿ. 2023ರ ಹೊತ್ತಿಗೆ 23,251 ಕೋಟಿ. ಸಿಗುವ ನೀರು 24 ಟಿಎಂಸಿ ಎಂದು ಸರ್ಕಾರದ ಲೆಕ್ಕ. ಅಷ್ಟು ಇಲ್ಲ, 9.55 ಟಿಎಂಸಿ ಎಂದು ಭಾರತೀಯ ವಿಜ್ಞಾನ ಸಂಸ್ಥೆಯವರ ಅಧ್ಯಯನ ಹೇಳಿತು. ಇಷ್ಟು ದೊಡ್ಡ ಅಂತರ ಇರುವಾಗ ಇಬ್ಬರನ್ನೂ ಕೂರಿಸಿ ಇತ್ಯರ್ಥ ಮಾಡಿ ಮುಂದೆ ಹೋಗಬೇಕಿತ್ತು. ಕುಡಿಯುವ ನೀರಿನ ಯೋಜನೆ ಎಂದ ಕಾರಣಕ್ಕೆ ಪರಿಸರ ಅನುಮತಿಯ ಪರೀಕ್ಷೆಯೂ ಬೇಕಾಗಲಿಲ್ಲ. ಅದರಲ್ಲೇ 527 ಕೆರೆ ತುಂಬಿಸುವುದೂ ಸೇರಿದೆ. 2014ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಕಡೆ ಮೊದಲ ಹಂತದ ಉದ್ಘಾಟನೆ. ನಾವು ಇರುವುದು ಕೊನೇ ತುದಿಯಲ್ಲಿ. ಭೈರಗೊಂಡ್ಲು ಜಲಾಶಯದ ಜಾಗಕ್ಕೆ ಪರಿಹಾರದ ಜಗಳ ಬೇರೆ, ಕೊರಟಗೆರೆ ಕಡೆಗೊಂದು ದರ, ದೊಡ್ಡಬಳ್ಳಾಪುರ ಕಡೆಗೊಂದು ದರ ಎಂದು. ಯೋಜನೆಗೆ ಒಪ್ಪಿಗೆ ಕೊಟ್ಟ ದಿನ ಈ ಜಮೀನಿನ ಪ್ರಶ್ನೆ ಯಾರಿಗೂ ಕಾಣಲಿಲ್ಲವೇ?

ಶಿರಾ_ಹುಡುಗ

ಕಂಡಿರುತ್ತದೆ ಸರ್. ಮೊದಲೇ ಪೂರ್ತಿ ಖರ್ಚು ತೋರಿಸಿದರೆ ಒಪ್ಪಿಗೆ ಸಿಗುವುದಿಲ್ಲ ಎಂದು ಕಡಿಮೆ ಬರೆಯುತ್ತಾರೆ ಎಂಬುದು ನನ್ನ ಅನುಮಾನ. ಒಮ್ಮೆ ಗುದ್ದಲಿ ಬಿದ್ದ ಮೇಲೆ ಬಿಡುವ ಹಾಗಿಲ್ಲವಲ್ಲ.

ಪಾವಗಡದ_ಅಕ್ಕ

ನಾನು ಗ್ರಾಮ ಪಂಚಾಯ್ತಿ ಸದಸ್ಯೆ ಆಗಿದ್ದವಳು. ಇಷ್ಟು ಹೊತ್ತು ದೊಡ್ಡ ಯೋಜನೆಯದೇ ಮಾತಾಯಿತು. ಚಿಂತಾಮಣಿ ಅಣ್ಣ ಕೇಳಿದ ತೂಬು ಅಲ್ಲೇ ಉಳಿಯಿತು.

ಪಾವಗಡದ ನೀರಲ್ಲಿ ಫ್ಲೋರೈಡ್ ಎಲ್ಲರಿಗೂ ಗೊತ್ತಿರುವ ವಿಷಯ. ಕ್ಯಾನು ಹಿಡಿದು ಶುದ್ಧ ನೀರಿನ ಘಟಕದ ಮುಂದೆ ನಿಂತು, ನಾಣ್ಯ ಹಾಕಿ, ಅದು ಕೆಟ್ಟಿದ್ದರೆ ಪಕ್ಕದೂರಿಗೆ ಗಾಡಿ ಓಡಿಸುವ ಹೆಂಗಸರು ನಾವು. ಮನೆ ಮನೆಗೆ ನಲ್ಲಿ ಹಾಕುವ ಜಲ ಜೀವನ್ ಮಿಷನ್ 2019ರಲ್ಲಿ ಬಂತು. ಕೇಂದ್ರ ಅರ್ಧ, ರಾಜ್ಯ ಅರ್ಧ. ರಾಜ್ಯಗಳಿಗೆ ಹಂಚುವಾಗ ಗ್ರಾಮೀಣ ಜನಸಂಖ್ಯೆಗೆ 30 ಅಂಕ, ಬರ, ಮರುಭೂಮಿ, ಗುಡ್ಡಗಾಡು ಪ್ರದೇಶಕ್ಕೆ 30, ಇನ್ನೂ ಕೊಡಬೇಕಾದ ನಲ್ಲಿಗೆ 20, ಪರಿಶಿಷ್ಟರ ಜನಸಂಖ್ಯೆಗೆ 10, ಫ್ಲೋರೈಡ್‌ನಂಥ ವಿಷ ಇರುವ ನೀರು ಕುಡಿಯುವ ಜನವಸತಿಗೆ 10. ಸೂತ್ರ ಚೆನ್ನಾಗಿದೆ. ಬರವನ್ನೂ ವಿಷವನ್ನೂ ಲೆಕ್ಕಕ್ಕೆ ತಂದರು, ಅದು ದೊಡ್ಡದು.

ಆದರೆ ಆ ಸೂತ್ರ ರಾಜ್ಯದ ಬಾಗಿಲ ತನಕ ಮಾತ್ರ. ಅಲ್ಲಿಂದ ಊರಿಗೆ ಹಂಚುವಾಗ ನಲ್ಲಿ ಎಷ್ಟು ಹಾಕಿದಿರಿ ಎಂಬ ಎಣಿಕೆಯೇ ಮುಖ್ಯವಾಯಿತು. ನಮ್ಮಲ್ಲಿ ಒಂದು ಬೀದಿಗೆ ಪೈಪು ಬಂತು, ನಲ್ಲಿ ನಿಲ್ಲಿಸಿದರು, ಫೋಟೋ ತೆಗೆದರು. ಬೋರಿನಲ್ಲಿ ನೀರಿಲ್ಲ. ದಿನಕ್ಕೆ ತಲೆಗೆ 55 ಲೀಟರ್ ಎಂದು ಫಲಕದಲ್ಲಿ ಇದೆ. ನೀರಿನ ಮೂಲಕ್ಕೆ ಎಂದು ಯಾರಾದರೂ ನಮ್ಮ ಕೆರೆಗೆ ನಾಲ್ಕು ಲೋಡು ಕಲ್ಲು ಹಾಕಿದ್ದರೂ ಆ ನಲ್ಲಿಗೆ ಅರ್ಥ ಬರುತ್ತಿತ್ತು.

ಚಿಂತಾಮಣಿ_ರಾಗಿಹೊಲ

ಅಕ್ಕಾ, ನಮ್ಮಲ್ಲೂ ಹಾಗೇ. ಹಾಗಾದರೆ ನಮ್ಮಂಥ ಊರಿನವರು ಯಾವ ಬಾಗಿಲು ತಟ್ಟಬೇಕು?

ಪಾವಗಡದ_ಅಕ್ಕ

ಪಂಚಾಯ್ತಿಯಿಂದಲೇ ಶುರು ಮಾಡಿ ಅಣ್ಣಾ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಹಿಡಿಯುವುದು, ನೀರಿನ ಮರುಬಳಕೆಗೆ. ಎಷ್ಟೋ ಪಂಚಾಯ್ತಿಗಳಲ್ಲಿ ಇದು ಮೋಟಾರು ರಿಪೇರಿ ಮತ್ತು ಹೊಸ ಬೋರಿಗೇ ಮುಗಿಯಿತು. ಯಾರೂ ಕೇಳಲಿಲ್ಲ, ಅವರೂ ಬರೆಯಲಿಲ್ಲ. ನಿಮ್ಮ ಪಂಚಾಯ್ತಿಯಲ್ಲಿ ಅದು ಎಲ್ಲಿಗೆ ಹೋಯಿತು ಎಂದು ಲೆಕ್ಕ ಕೇಳಿ, ಈಗ ಬರುವ ಅನುದಾನದಲ್ಲಿ ಕಾಲುವೆಗೆ ಎಷ್ಟು ಎಂದು ಕೂಡ ಕೇಳಿ. ಅಂತರ್ಜಲ ಉಳಿಸುವ ಕೇಂದ್ರದ ಅಟಲ್ ಭೂಜಲ ಯೋಜನೆಯೂ ನಮ್ಮ ಮೂರು ಜಿಲ್ಲೆಗೆ ಬಂದಿತ್ತು. ಅದರಲ್ಲಿ ದುಡ್ಡಿನ ದೊಡ್ಡ ಭಾಗ ಮಾಡಿ ತೋರಿಸಿದ್ದಕ್ಕೆ ಪ್ರೋತ್ಸಾಹಧನ. ಪಂಚಾಯ್ತಿಗೊಂದು ನೀರಿನ ಭದ್ರತಾ ಯೋಜನೆ ಬರೆಸಿದ್ದರು. ನಿಮ್ಮ ಪಂಚಾಯ್ತಿಯಲ್ಲೂ ಬರೆದಿದ್ದರೆ, ಆ ಪುಸ್ತಕ ತೆಗೆಸಿ ನಿಮ್ಮ ಕೆರೆ ಅದರಲ್ಲಿ ಇದೆಯಾ ನೋಡಿ.

ತುಮಕೂರು_ನಿವೃತ್ತ_ಇಂಜಿನಿಯರ್

ಅಮ್ಮಾ, ಬಹಳ ಸರಿಯಾಗಿ ಹೇಳಿದಿರಿ. ಅದರ ಮೇಲೆ ನಾಲ್ಕು ಮಾತು.

ರಾಗಿಹೊಲದವರೇ, ಮೊದಲು ಅಚ್ಚುಕಟ್ಟು ಎಷ್ಟು ಹೆಕ್ಟೇರ್ ಎಂದು ದಾಖಲೆಯಿಂದ ತೆಗೆಸಿ. ಅದು ಸಿಕ್ಕರೆ "ನಮ್ಮದಲ್ಲ" ಎಂಬ ಮಾತು ನಿಲ್ಲುತ್ತದೆ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ. ಜೊತೆಗೆ ಹಿಂದಿನ ಸಾಲುಗಳ ಕ್ರಿಯಾ ಯೋಜನೆಯ ಪ್ರತಿಯನ್ನೂ ಕೇಳಿ. ಯಾವ ಕೆರೆಗೆ ದುಡ್ಡು ಹೋಯಿತು ಎಂಬುದು ಕಣ್ಣಿಗೆ ಕಾಣುತ್ತದೆ.

ತೂಬು ಮತ್ತು ಕಾಲುವೆಯನ್ನು ಒಂದೇ ಅರ್ಜಿಯಲ್ಲಿ ಸೇರಿಸಬೇಡಿ. ಕಾಲುವೆಯ ಜಾಲಿ ತೆಗೆಯುವುದು ಕೂಲಿ ಕೆಲಸ, ಪಂಚಾಯ್ತಿ ಮಟ್ಟದಲ್ಲೇ ಆಗಬಹುದು. ತೂಬಿಗೆ ಇಂಜಿನಿಯರ್ ಬಂದು ಅಳತೆ ಮಾಡಿ ಅಂದಾಜು ಪಟ್ಟಿ ಬರೆಯಬೇಕು, ತಾಂತ್ರಿಕ ಮಂಜೂರಾತಿ ಬೇಕು. ರಸ್ತೆ ಕೆಳಗಿನ ಸಣ್ಣ ಪೈಪು ರಸ್ತೆ ಯಾರದೋ ಅವರ ತಲೆಗೆ. ಮೂರನ್ನೂ ಒಟ್ಟಿಗೆ ಬರೆದರೆ ಮೂವರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಹೂಳೆತ್ತುವುದಕ್ಕೆ ದುಡ್ಡು ಕೊಡುತ್ತೇವೆ ಎಂದು ಯಾರಾದರೂ ಬರಬಹುದು. ಘನ ಮೀಟರ್ ಲೆಕ್ಕದಲ್ಲಿ ದೊಡ್ಡ ಬಿಲ್ಲು ಆಗುವ ಕೆಲಸ, ಟೆಂಡರ್ ಹಾಕುವವರು ಸುಲಭವಾಗಿ ಸಿಗುತ್ತಾರೆ. ಕಾಲುವೆ ಬಿಡಿಸುವ ಸಣ್ಣ ಕೆಲಸಕ್ಕೆ ಯಾರೂ ಬರುವುದಿಲ್ಲ. ನೀರೇ ಬಾರದ ಕೆರೆಯ ಹೂಳೆತ್ತಿ ಏನು ಪ್ರಯೋಜನ? ಮೊದಲು ಕಾಲುವೆ ಎಂದು ಪಟ್ಟು ಹಿಡಿಯಿರಿ.

ಕೊನೆಗೆ, ಲಾಭದ ಲೆಕ್ಕ ನೀವೇ ಬರೆದುಕೊಡಿ. ಕೆರೆಯ ಸುತ್ತ ಎಷ್ಟು ಬೋರ್‌ವೆಲ್, ಎಷ್ಟು ಮನೆ, ಎಷ್ಟು ಹಸು, ಏನು ಬೆಳೆ. ಸರ್ವೆ ನಂಬರ್ ಹಾಕಿ. ಅಂದಾಜು ಪಟ್ಟಿಯ ಜೊತೆ ಅದು ಕಡತದಲ್ಲಿ ಇದ್ದರೆ ಮುಂದೆ ನೋಡುವ ಅಧಿಕಾರಿ ಅದನ್ನು ಓದಲೇಬೇಕಾಗುತ್ತದೆ.

ಬಂಗಾರಪೇಟೆ_ಲೋಕಲ್

2002ರ ಹೊತ್ತಿಗೆ ವಿಶ್ವಬ್ಯಾಂಕ್ ಸಾಲದ ಜಲ ಸಂವರ್ಧನೆ ಯೋಜನೆ ಕೋಲಾರ, ತುಮಕೂರಿಗೆ ಬಂದಿತ್ತಲ್ಲ, ಆಗ ಕೆರೆ ಬಳಕೆದಾರರ ಸಂಘ ಅಂತ ಮಾಡಿದ್ದರು. ನಿಮ್ಮೂರಲ್ಲಿ ಅಂಥದ್ದು ಇತ್ತಾ ವಿಚಾರಿಸಿ. ಹಳೇ ಸಂಘದ ಪುಸ್ತಕದಲ್ಲಿ ಕಾಲುವೆಯ ನಕ್ಷೆ ಇರುವ ಸಾಧ್ಯತೆ ಇದೆ. ಒತ್ತುವರಿ ತೋರಿಸಲು ಅದಕ್ಕಿಂತ ಒಳ್ಳೇ ದಾಖಲೆ ಬೇಕಾ?

ಚಿಂತಾಮಣಿ_ರಾಗಿಹೊಲ

ಎಲ್ಲರಿಗೂ ವಂದನೆ. ಪಂಚಾಯ್ತಿ ಯೋಜನೆ ಸಿದ್ಧ ಮಾಡುವ ಅಭಿಯಾನ ಅಕ್ಟೋಬರ್ 2ರಿಂದ ಶುರುವಾಗುತ್ತದೆ ಎಂದು ನಮ್ಮ ಪಿಡಿಒ ಹೇಳಿದರು. ಅದಕ್ಕೆ ಮುಂಚೆ ಅಚ್ಚುಕಟ್ಟಿನ ಲೆಕ್ಕ ತೆಗೆಸುತ್ತೇನೆ. ಬೋರ್‌ವೆಲ್ ಪಟ್ಟಿ ಬರೆಯಲು ಊರ ಹುಡುಗರು ಒಪ್ಪಿದ್ದಾರೆ. ಗ್ರಾಮಸಭೆಯಲ್ಲಿ ಹೇಗೆ ನಿರ್ಣಯ ಬರೆಸಬೇಕು ಎಂದು ಒಂದು ಮಾದರಿ ಹಾಕುತ್ತೀರಾ ಅಕ್ಕಾ?

ಪಾವಗಡದ_ಅಕ್ಕ

ಹೀಗೆ ಬರೆಸಿ: "ನಮ್ಮ ಊರ ಕೆರೆಗೆ ಇಂಥ ಸರ್ವೆ ನಂಬರಿನಿಂದ ಇಂಥ ಸರ್ವೆ ನಂಬರಿನ ತನಕ ಇರುವ ರಾಜಕಾಲುವೆಯ ಗಡಿಯನ್ನು ಅಳತೆ ಮಾಡಿಸಿ, ಜಾಲಿ ಮತ್ತು ಮಣ್ಣು ತೆಗೆಯುವ ಕಾಮಗಾರಿಯನ್ನು ಈ ಸಾಲಿನ ಯೋಜನೆಯಲ್ಲಿ ಮೊದಲ ಆದ್ಯತೆಯಾಗಿ ಸೇರಿಸಲು ಸಭೆ ಒಪ್ಪಿದೆ. ತೂಬಿನ ದುರಸ್ತಿಗೆ ಅಂದಾಜು ಪಟ್ಟಿ ತಯಾರಿಸಿಕೊಡಲು ಸಂಬಂಧಪಟ್ಟ ಇಲಾಖೆಗೆ ಪತ್ರ ಬರೆಯಲು ತೀರ್ಮಾನಿಸಿದೆ." ಸರ್ವೆ ನಂಬರ್ ಬಿಡಬೇಡಿ. ಬರೆದ ಮೇಲೆ ನಡಾವಳಿ ಪುಸ್ತಕದಲ್ಲಿ ಓದಿಸಿ, ಆಮೇಲೆ ಸಹಿ ಹಾಕಿ. ಹೆಂಗಸರನ್ನು ಜಾಸ್ತಿ ಕರೆದುಕೊಂಡು ಹೋಗಿ. ನೀರು ಹೊರುವವರು ಮಾತಾಡಿದರೆ ಸಭೆಯಲ್ಲಿ ಯಾರೂ ಅಡ್ಡ ಮಾತಾಡುವುದಿಲ್ಲ.

ತುಮಕೂರು_ನಿವೃತ್ತ_ಇಂಜಿನಿಯರ್

ತೂಬಿನ ಫೋಟೋ, ಕಾಲುವೆ ಮುಚ್ಚಿರುವ ಜಾಗಗಳ ಫೋಟೋ ಇಲ್ಲಿ ಹಾಕಿ. ಅಂದಾಜು ಪಟ್ಟಿಯಲ್ಲಿ ಏನೇನು ಐಟಂ ಬರಬೇಕು ಎಂದು ನೋಡಿ ಹೇಳುತ್ತೇನೆ.